ಜ್ವರಕ್ಕೆ ಕೂತ ಪುಟ

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ಬಿಡುವ ದಿನ ಬೆಳಿಗ್ಗೆ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಅವತ್ತೂ ಕೊಡ, ಬಕೆಟ್ಟು, ಹಳೇ ಬಣ್ಣದ ಡಬ್ಬ, ಸಾಲದೆ ಕುಕ್ಕರನ್ನೂ ಸಾಲಾಗಿ ಇಟ್ಟುಕೊಂಡು ನಾನು ಪೈಪು ಹಿಡಿದು ನಿಂತಿದ್ದೆ. ಪಕ್ಕದ ಮನೆಯ ಆಂಜಿನಮ್ಮ ತಮ್ಮ ಸರದಿಗೆ ಕಾಯುತ್ತಾ ಬೇವಿನ ಕಡ್ಡಿ ಅಗಿಯುತ್ತಿದ್ದರು. ಎರಡನೇ ಕೊಡ ಅರ್ಧ ತುಂಬಿತ್ತು. ಆಗ ಒಳಗಿನಿಂದ ನಮ್ಮ ಅತ್ತೆ ಕರೆದರು.

"ಗೌ... ತ... ಮಿ."

ಗೌತಮಿ ನನ್ನ ಮಗಳು. ಅತ್ತೆ ಅಕ್ಕಯಮ್ಮ ಮಳೆಗಾಲದಲ್ಲೇ ತೀರಿಕೊಂಡಿದ್ದರು.

ಆಂಜಿನಮ್ಮ ಕಡ್ಡಿಯನ್ನು ಬಾಯಿಂದ ತೆಗೆದರು. "ಏಮೇ ಕವಿತಾ, ಅದು ನಿಮ್ಮತ್ತೆ ಅಲ್ವೇನೇ?"

"ಕಂಪ್ಯೂಟರ್ ಇರಬೇಕು ಅಕ್ಕ. ಪಾಠದ್ದು."

"ಪಾಠದಾಗೆ ನಿನ್ ಮಗಳ ಹೆಸ್ರು ಕೂಗ್ತಾರಾ?"

ಕೊಡ ತುಂಬಿ ಕಾಲ ಮೇಲೆ ಹರಿಯುತ್ತಿದ್ದುದು ತಣ್ಣಗಾದ ಮೇಲೆ ಗೊತ್ತಾಯಿತು. ಪೈಪನ್ನು ಆಂಜಿನಮ್ಮನ ಕೈಗೆ ಕೊಟ್ಟು ಒಳಗೆ ಹೋದೆ.

ಗೌತಮಿ ಸ್ಕೂಲಿನ ಬಟ್ಟೆ ಹಾಕಿಕೊಂಡು, ಒಂದೇ ಜಡೆ ಹೆಣೆಸಿಕೊಂಡು, ಇನ್ನೊಂದು ಕಡೆ ಕೂದಲು ಇಳಿಬಿಟ್ಟು ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದಳು. ಎರಡೂ ಕೈ ತೊಡೆಯ ಮೇಲಿದ್ದವು. ಪರದೆಯ ಮೇಲೆ ರೇಷ್ಮೆ ಹುಳದ ಬಿದಿರು ತಟ್ಟೆಯ ಚಿತ್ರ, ಬರೀ ತಟ್ಟೆ, ಹುಳ ಇಲ್ಲದ್ದು. ಅವಳು ನನ್ನನ್ನು ನೋಡಿದಳು. ಮಾತಾಡಲಿಲ್ಲ. ಅಜ್ಜಿ ಹೋದ ದಿನದಿಂದ ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲ.

ನಾನು ಅವಳ ಹಿಂದೆ ನಿಂತು ಇನ್ನೊಂದು ಜಡೆ ಹೆಣೆದೆ. ಅತ್ತೆ ಅವಳನ್ನು ಆ ಹೆಸರಿನಿಂದ ಕರೆದವರೇ ಅಲ್ಲ. ಹುಟ್ಟಿದಾಗಿನಿಂದ "ಬುಜ್ಜಿ" ಎನ್ನುತ್ತಿದ್ದರು. ಅದೂ ಅಲ್ಲದೆ ಅತ್ತೆಯ ದನಿಯ ಒಂದೊಂದು ತುಂಡನ್ನೂ ಕತ್ತರಿಸಿ ಜೋಡಿಸಿದವಳು ನಾನು. ಗೌತಮಿ ಎಂಬ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ನನ್ನ ಕೆಲಸ ಏನೆಂದು ಹೇಳದೆ ಇದು ಅರ್ಥವಾಗುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ರಘುನಂದನ್ ಅಂತ ಒಬ್ಬರು, ಮೇಷ್ಟರ ಮಗ, ನಾಲ್ಕು ಜನರನ್ನು ಕಟ್ಟಿಕೊಂಡು ಶಾಲೆಗಳಿಗೆ ಕಂಪ್ಯೂಟರಿನ ಪಾಠ ಮಾಡಿಕೊಡುತ್ತಾರೆ. ಮಕ್ಕಳು ಚಿತ್ರವನ್ನು ಮುಟ್ಟಿದರೆ ಅದು ಮಾತಾಡಬೇಕು, ಕೇಳಿದ ಪ್ರಶ್ನೆಗೆ ಮಕ್ಕಳು ಒತ್ತಿ ಉತ್ತರ ಹೇಳಬೇಕು, ಅಂಥ ಪಾಠ. ಕಂಪ್ಯೂಟರ್ ಡಿಪ್ಲೊಮಾ ಮಾಡಿ ಮನೆಯಲ್ಲಿದ್ದ ನನಗೆ ಒಂದು ಕಂಪ್ಯೂಟರು ಕೊಟ್ಟು, ದನಿ ಕತ್ತರಿಸುವುದು, ಯಾವ ದನಿ ಯಾವಾಗ ಬರಬೇಕೆಂದು ಬರೆಯುವುದು, ಇಷ್ಟನ್ನು ವಹಿಸಿದ್ದರು.

ಮೊದಲು ಆ ಪಾಠಗಳನ್ನು ಯಾವುದೋ ಒಂದು ಕಂಪನಿಯ ಸಾಧನದಲ್ಲಿ ಮಾಡುತ್ತಿದ್ದರು. ಮಾಡಿ ಮುಗಿಸಿದ ಮೇಲೆ ಅದು ಹೊಲಿದ ಮೂಟೆ. ಒಳಗೆ ಏನಿದೆಯೆಂದು ನೋಡುವ ಹಾಗಿಲ್ಲ, ಆ ಕಂಪನಿಯ ಪ್ಲಗ್‌ಇನ್ ಇಲ್ಲದಿದ್ದರೆ ಓಡುವುದೂ ಇಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಹೊಸ ಬ್ರೌಸರುಗಳು ಬಂದ ಮೇಲೆ ರಘುನಂದನ್ ಎಲ್ಲವನ್ನೂ ಮುಕ್ತ ಮಾನಕಕ್ಕೆ ಬದಲಾಯಿಸಿದರು. ಅಂದರೆ ಚಿತ್ರವೂ ಬರಹವೇ, ಹೊತ್ತೂ ಬರಹವೇ. ಗೆರೆ ಎಲ್ಲಿಂದ ಎಲ್ಲಿಗೆ, ದನಿ ಯಾವಾಗ ಶುರು, ಎಷ್ಟು ಸೆಕೆಂಡು ಬಿಟ್ಟು ಮುಂದಿನದು, ಎಲ್ಲ ಸಾಲು ಸಾಲಾಗಿ ಬರೆದಿರುತ್ತದೆ. ಯಾರು ಬೇಕಾದರೂ ಪುಟ ಬಿಚ್ಚಿ ಓದಬಹುದು, ಸಾಲು ನಕಲು ಮಾಡಿ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು.

ಅವರು ನಮ್ಮ ಮನೆಗೆ ಮೈಕು ತಂದು ಇದನ್ನೆಲ್ಲ ವಿವರಿಸಿದ ದಿನ ಅತ್ತೆ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡಿದ್ದರು.

"ನಾಳೆ ಆ ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಪಾಠಕ್ಕೂ ಬೀಗ ಅಜ್ಜಿ," ಅಂದರು ರಘುನಂದನ್.

"ನಿಮ್ಮನೆ ಬೀಗದ ಕೈ ಇನ್ನೊಬ್ರ ಮನೇಲಿ ಯಾಕ್ರಪ್ಪಾ ಮಡಗಿದ್ರಿ ಇಷ್ಟು ದಿನ?"

ರಘುನಂದನ್ ನಕ್ಕುಬಿಟ್ಟರು. ರೇಷ್ಮೆ ಪಾಠಕ್ಕೆ ದನಿ ಕೊಡಲು ಅತ್ತೆಯೇ ಆಗಬೇಕೆಂದು ಅವರು ಪಟ್ಟು ಹಿಡಿದದ್ದು ಅವತ್ತೇ. ಮನೆಯ ಹಿಂದಿನ ಹುಳದ ಮನೆಯಲ್ಲಿ ಅತ್ತೆ ವರ್ಷಾನುಗಟ್ಟಲೆ ಹುಳ ಸಾಕಿದವರು. ಮೈಕಿನ ಮುಂದೆ ಮೊದಲು ನಾಚಿಕೊಂಡರು, ಆಮೇಲೆ ಅದಕ್ಕೂ ಒಂದು ಎಲೆ ಅಡಿಕೆ ಬೇಕಾ ಅಂತ ಕೇಳಿದರು, ಕೊನೆಗೆ ನಾವು ಸಾಕು ಅಂದರೂ ನಿಲ್ಲಿಸಲಿಲ್ಲ. ಒಂದು ದಿನ ಬಿಸಿಲಲ್ಲಿ, ಒಂದು ದಿನ ನೆಗಡಿ ಹಿಡಿದು, ಒಂದು ದಿನ ಹುಳಕ್ಕೆ ಸೊಪ್ಪು ಹಾಕುತ್ತಲೇ ಹೇಳಿದರು. ಗೌತಮಿ ಆಗೆಲ್ಲ ನನ್ನ ಪಕ್ಕದಲ್ಲೇ. ನಾನು ದನಿ ಕತ್ತರಿಸಿ, ಸಾಲು ನಕಲು ಮಾಡಿ ಅಂಟಿಸುವಾಗ ಕೀಲಿ ಒತ್ತುವುದು ಅವಳ ಕೆಲಸ. "ಅಮ್ಮ, ನಾನ್ ಒತ್ತೀನಿ, ನಾನ್ ಒತ್ತೀನಿ" ಎಂದು ಬಾಯಿ ಮುಚ್ಚದೆ ಕೂತಿರುತ್ತಿದ್ದಳು.

ಪಾಠ ಮುಗಿಯುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಆ ಮಳೆಗಾಲದಲ್ಲಿ ಬೀದಿಗೆ ಬೀದಿಯೇ ಜ್ವರದಲ್ಲಿ ಮಲಗಿತ್ತು. ಎಲ್ಲರೂ ಎದ್ದರು, ಅತ್ತೆ ಏಳಲಿಲ್ಲ. ಹುಳದ ಮನೆಯ ತಟ್ಟೆಗಳನ್ನು ತೊಳೆದು ಒಣಗಿಸಿ ಒಂದರ ಮೇಲೊಂದು ಪೇರಿಸಿಟ್ಟೆವು. ಗೌತಮಿ ಮಾತು ಬಿಟ್ಟಳು.

ಮೊದಮೊದಲು ದುಃಖ ಅಂದುಕೊಂಡೆ. ಮಕ್ಕಳಿಗೂ ದುಃಖಕ್ಕೆ ಟೈಮು ಬೇಕು. ಅವಳು ಊಟ ಮಾಡುತ್ತಿದ್ದಳು, ಬರೆಯುತ್ತಿದ್ದಳು, ಕರೆದರೆ ಬರುತ್ತಿದ್ದಳು. ತುಟಿ ಮಾತ್ರ ತೆರೆಯಲಿಲ್ಲ. ದೀಪಾವಳಿಯೂ ಕಳೆಯಿತು. ಸ್ಕೂಲಿನ ಟೀಚರು ವರಲಕ್ಷ್ಮಮ್ಮ ನನ್ನನ್ನು ಕರೆಸಿ, "ಎಷ್ಟು ದಿನ ಅಂತ ಹಿಂಗೆ ಕೂರಿಸ್ಕೊಳ್ಳಲಮ್ಮಾ? ಹಾಜರಿ ಕೂಗಿದ್ರೂ ಕೈ ಎತ್ತುತ್ತೆ ಅಷ್ಟೇ. ಮಾತು ಬರದ ಮಕ್ಕಳ ಸ್ಕೂಲಿಗೆ ಹಾಕೋ ಹಂಗಾಗ್ಬಾರ್ದು ನೋಡು," ಎಂದರು. ಒಳ್ಳೆಯ ಹೆಂಗಸು. ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದರು.

ನಲ್ಲಿ ನೀರಿನ ದಿನದ ಸುದ್ದಿ ಸಂಜೆಯೊಳಗೆ ನನ್ನ ಗಂಡನನ್ನು ಮುಟ್ಟಿತ್ತು. ಮುನೇಶ್ ಬಸ್ ಕಂಡಕ್ಟರು, ಚಿಂತಾಮಣಿ ಮೇಲಿನ ಬಸ್ಸು. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಆಂಜಿನಮ್ಮ ದಾರಿಯಲ್ಲೇ ಹಿಡಿದಿದ್ದರು. ಬೂಟು ಬಿಚ್ಚುವಾಗ ಅವರೂ ಹಿಂದೆಯೇ ಬಂದು ಹೊಸ್ತಿಲ ಮೇಲೆ ನಿಂತರು.

"ಸತ್ತೋರ ದನೀನ ಮನೇಲಿ ಮಡಿಕೊಂಡ್ರೆ ಇನ್ನೇನಾಗ್ತೈತೆ ಮುನೇಶಾ. ಮುದುಕಿ ಮಗೀನ ಮಾತೆಲ್ಲ ತಾನು ಇಸ್ಕೊಂಡು ಆಡ್ತಾವ್ಳೆ. ಮುರುಗಮಲ್ಲಕ್ಕೆ ಕರ್ಕೊಂಡೋಗು, ದರ್ಗಾದಾಗೆ ಒಂದು ರಾತ್ರಿ ಮಲಗಿಸು. ನಿನ್ ಬಸ್ಸೇ ಹೋಗ್ತದಲ್ಲ, ಟಿಕೇಟೂ ಬೇಡ."

"ನಂಗೂ ಟಿಕೇಟ್ ಐತೆ ಆಂಜಿನಮ್ಮಾ, ಕಂಡಕ್ಟರ್ ಹೆಂಡ್ತಿ ಮಕ್ಳಿಗೂ ಐತೆ," ಅಂದರು ಮುನೇಶ್. ಆದರೆ ನಗಲಿಲ್ಲ.

ಆಂಜಿನಮ್ಮ ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದರು. "ನಮ್ಮಮ್ಮನ ದನಿ ಕೇಳಿದ್ರೆ ನಂಗೂ ಆಸೇನೇ ಕಣೇ. ಆದ್ರೆ ಮಗು ಬಾಯಿ ಬಿಡ್ತಿಲ್ಲ. ಭಾನುವಾರ ನಂಗೆ ರಜ. ಅಷ್ಟರಾಗೆ ಆ ಪಾಠ ರಘು ಸಾರ್‌ಗೆ ಕಳಿಸ್ಬಿಡು. ನಮ್ಮನೆ ಕಂಪ್ಯೂಟರಲ್ಲಿ ಇರೋದೆಲ್ಲ ಅಳಿಸ್ಬಿಡಾಣ."

"ಅಳಿಸಿದ್ರೆ ಮಾತಾಡ್ತಾಳಾ?"

"ಅಳಿಸ್ದೇ ಇದ್ರೆ ಮಾತಾಡ್ತಾಳಾ?"

ಗೌತಮಿ ಅಪ್ಪನ ಚೀಲದಿಂದ ಖಾಲಿ ಊಟದ ಡಬ್ಬಿ ತೆಗೆದು ತೊಳೆಯಲು ಇಟ್ಟು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮಾರನೇ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಶನಿವಾರವಾದ್ದರಿಂದ ಗೌತಮಿ ಬೇಗ ಬಂದು ಊಟ ಮಾಡಿ ಒಳಗೆ ಹೋಗಿದ್ದಳು. ಬಿಸಿಲು ಹಿತ್ತಲವರೆಗೂ ತುಂಬಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ.

"ಗೌ... ತ... ಮಿ."

ಕೈಯಲ್ಲಿದ್ದ ಕಾಳು ಸಿಪ್ಪೆಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಅಲ್ಲಾಡಲಿಲ್ಲ. ಮೂರು ಅಕ್ಷರದ ನಡುವೆಯೂ ಉಸಿರಿರಲಿಲ್ಲ. ಮೂರು ಬೇರೆ ಬೇರೆ ಕೋಣೆಗಳಲ್ಲಿ ನಿಂತ ಮೂರು ಜನ ಅತ್ತೆಯರು ಒಂದೊಂದು ಅಕ್ಷರ ಹಂಚಿಕೊಂಡು ಕರೆದ ಹಾಗಿತ್ತು. ಆಮೇಲೆ ಏನೂ ಇಲ್ಲ. ಯಾರೋ ಏನನ್ನೋ ಕೇಳುವಷ್ಟು ಹೊತ್ತು. ಆಮೇಲೆ ಅತ್ತೆ ಹೇಳಿದರು:

"ಇಲ್ಲ."

ಮತ್ತೆ ಹೆಸರು. ಮತ್ತೆ ಅಷ್ಟೇ ಹೊತ್ತು ಮೌನ. ಈ ಸಲ:

"ಹೌದು."

ಯಾರೂ ಏನೂ ಕೇಳಿರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದೆ. ಗೌತಮಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಪರದೆಯನ್ನೇ ನೋಡುತ್ತಿದ್ದಳು. "ಇಲ್ಲ" ಅಂದಾಗ ಅವಳ ಭುಜ ಇಳಿಯುತ್ತಿತ್ತು. "ಹೌದು" ಅಂದಾಗ ಇಡೀ ಮೈ ಗಟ್ಟಿಯಾಗುತ್ತಿತ್ತು. ಆಮೇಲೆ ಮತ್ತೆ ಒತ್ತುತ್ತಿದ್ದಳು. ಅತ್ತೆ ಮತ್ತೆ ಕರೆಯುತ್ತಿದ್ದರು. ಒಂದು ಸಲ ಹೌದು, ಎರಡು ಸಲ ಇಲ್ಲ, ಮತ್ತೆ ಹೌದು. ಅದೇ ದನಿ, ಅದೇ ಏರಿಳಿತ, ಸ್ವಲ್ಪವೂ ಬೇಸರವಿಲ್ಲದೆ.

ನಾನು ಹಿತ್ತಲಿಗೆ ಹೋಗಿ ಮೊಬೈಲಿನಿಂದ ರಘುನಂದನ್‌ಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಕವಿತಾ ಅವರೇ, ನೀವು ಹೆದರಿದ್ದೀರಿ. ನಾನೂ ನಿಮ್ಮನೇಲಿದ್ದಿದ್ರೆ ಹೆದರ್ತಿದ್ದೆ. ಆದ್ರೆ ಆ ಪುಟ ಹೊಲಿದ ಮೂಟೆ ಅಲ್ಲ. ಬಿಚ್ಚಿ ನೋಡಿ. ಒಳಗೆ ಯಾರಿದ್ದಾರೆ ಅಂತ ಬರೆದೇ ಇರುತ್ತೆ."

ಗೌತಮಿ ಆಂಜಿನಮ್ಮನ ಮೊಮ್ಮಗಳ ಜೊತೆ ಕುಂಟೆಬಿಲ್ಲೆ ಆಡಲು ಹೋದಾಗ ಬಿಚ್ಚಿ ನೋಡಿದೆ. ಅವಳು ಮಾತಿಲ್ಲದೆಯೂ ಆಡುತ್ತಿದ್ದಳು, ಆ ಮಗುವೂ ಒಗ್ಗಿಕೊಂಡಿತ್ತು.

ನಾನು ಬರೆದ ಸಾಲುಗಳ ಕೆಳಗೆ, ಎಲ್ಲಕ್ಕಿಂತ ಕೊನೆಯಲ್ಲಿ, ನಾನು ಬರೆಯದ ಸಾಲುಗಳಿದ್ದವು. ನನ್ನವನ್ನೇ ನಕಲು ಮಾಡಿ ದನಿಯ ಹೆಸರು ಮಾತ್ರ ಬದಲಾಯಿಸಿದಂಥವು. ಒಂದೊಂದರ ದನಿಯನ್ನೂ ಬೇರೆ ಬೇರೆಯಾಗಿ ಕೇಳಿದೆ. "ಗೌರಿಬಿದನೂರು ಕಡೆಯಿಂದ ಸೊಪ್ಪು ತರಿಸಿದ್ವಿ" ಎಂಬ ಮಾತಿನಿಂದ ಮೊದಲ ಅಕ್ಷರ. "ತಟ್ಟೆ"ಯಿಂದ ಒಂದು. "ಮಿಕ್ಕಿದ ಸೊಪ್ಪು ದನಕ್ಕೆ" ಎಂಬುದರಿಂದ ಒಂದು. ಬಿಸಿಲಿನ ದಿನದ ಗೌ, ನೆಗಡಿಯ ದಿನದ ತ, ಸೊಪ್ಪು ಹಾಕುತ್ತಾ ಹೇಳಿದ ಮಿ. ಕಾಗುಣಿತ ಕಲಿತ ಮಗು ದನಿಯನ್ನೂ ಅಕ್ಷರಕ್ಕೆ ಸರಿಯಾಗಿ ಕತ್ತರಿಸಿತ್ತು.

ಇನ್ನೊಂದು ಕಡೆ "ಬು" ಸಿಕ್ಕಿತು. "ಬುಟ್ಟಿ"ಯಿಂದ ತೆಗೆದದ್ದು. ಅದನ್ನೇ ಉದ್ದ ಬಿಟ್ಟು, ಗಿಡ್ಡ ಮಾಡಿ, ಮತ್ತೆ ಮತ್ತೆ ಕತ್ತರಿಸಿದ್ದಳು. ಮೊದಲು ಹುಡುಕಿದ್ದು ಬುಜ್ಜಿಯನ್ನೇ. ಪಾಠದಲ್ಲಿ ಎಲ್ಲೂ "ಜ್ಜಿ" ಸಿಗದೆ ಸ್ಕೂಲಿನ ಹೆಸರಿಗೆ ಬಂದಿದ್ದಳು. ಅಷ್ಟು ಹೊತ್ತು ನನ್ನ ಬೆನ್ನಲ್ಲಿದ್ದ ಚಳಿ ಅಲ್ಲಿ ಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಓದಿದೆ.

ಹೆಸರಾದ ಮೇಲೆ ಒಂದು ಪ್ರಶ್ನೆಯ ಜಾಗ. ಅದಾದ ಮೇಲೆ ಹೌದು, ಇಲ್ಲ ಎರಡರಲ್ಲಿ ಒಂದು. ನಮ್ಮ ಪಾಠದಲ್ಲಿ ಅಜ್ಜಿ ಕೇಳುತ್ತಾಳೆ, ಮಗು ಉತ್ತರ ಒತ್ತುತ್ತದೆ. ಗೌತಮಿ ಅದನ್ನು ತಿರುಗಿಸಿಟ್ಟಿದ್ದಳು. ಮಗು ಕೇಳಬೇಕು, ಅಜ್ಜಿ ಹೇಳಬೇಕು. ಪ್ರಶ್ನೆಗಳನ್ನು ಕಲಸಿ ಹಾಕಲು ರಘುನಂದನ್ ಬರೆದಿದ್ದ ಸಾಲುಗಳನ್ನೇ ಅವಳು ಎತ್ತಿಕೊಂಡಿದ್ದರಿಂದ ಯಾವ ಉತ್ತರ ಬರಬೇಕೆಂದು ಪುಟವೇ ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳುತ್ತಿತ್ತು. ಪ್ರಶ್ನೆಗೆ ಬಿಟ್ಟಿದ್ದ ಹೊತ್ತು ಐದು ಸೆಕೆಂಡು. ಅಷ್ಟರಲ್ಲಿ ಕೇಳಿದರೂ ಸರಿ, ಕೇಳದಿದ್ದರೂ ಸರಿ, ಅಜ್ಜಿ ಉತ್ತರ ಹೇಳಿಬಿಡುತ್ತಿದ್ದಳು.

ಪ್ರಶ್ನೆಯ ಜಾಗದಲ್ಲಿ ಇಡಲು ಅವಳು ತನ್ನ ದನಿಯನ್ನು ಮೈಕಿನಲ್ಲಿ ತುಂಬಿದ್ದಳು. ಅಂಥವು ಬಹಳ ಇದ್ದವು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದೊಂದನ್ನೇ ಕೇಳಿದೆ.

ಮಾತಿಲ್ಲ. ಮೊದಲನೆಯದರಲ್ಲಿ ಉಸಿರು, ತುಟಿ ಬಿಚ್ಚಿದ ಸಣ್ಣ ಸದ್ದು, ಮತ್ತೆ ಮುಚ್ಚಿದ್ದು. ಎರಡನೆಯದರಲ್ಲಿ ಉಸಿರು, ದೂರದಲ್ಲಿ ನನ್ನ ಕುಕ್ಕರಿನ ಸೀಟಿ. ಇನ್ನೊಂದರಲ್ಲಿ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು, ಅದರ ಕೆಳಗೆ ಉಸಿರು. ಎಲ್ಲದರಲ್ಲೂ ಒಂದು ಮಾತು ಗಂಟಲವರೆಗೆ ಬಂದು ನಿಂತಿತ್ತು. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ ಕೂತಿದ್ದೆ.

ಹಾಗೆ ಕೂತಿದ್ದರಿಂದಲೇ ಇನ್ನೊಂದು ಸದ್ದು ಕೇಳಿಸಿತು. ಉಸಿರಿನ ಹಿಂದೆ, ಜಿನುಗು ಮಳೆ ಒಣಗಿದ ಎಲೆಯ ಮೇಲೆ ಬಿದ್ದ ಹಾಗೆ. ಹುಳ ಸಾಕುವ ಮನೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ತಟ್ಟೆ ತುಂಬ ಹುಳ ಸೊಪ್ಪು ಮೇಯುವ ಸದ್ದು ಅದು. ಇವನ್ನು ತುಂಬಿದ್ದು ಅತ್ತೆ ಹೋದ ಮೇಲೆ. ಆಗಿನಿಂದ ನಮ್ಮ ಮನೆಯಲ್ಲಿ ಒಂದು ಹುಳವೂ ಇಲ್ಲ. ಅಗ್ಗದ ಮೈಕು, ಅದರ ಮೊರೆತ ಇರಬೇಕು ಎಂದು ಹೆಡ್‌ಫೋನು ತೆಗೆದಿಟ್ಟೆ. ಆಮೇಲೆ ಎದ್ದು ಹೋಗಿ ಹುಳದ ಮನೆಯ ಬಾಗಿಲು ತೆಗೆದು ನೋಡಿದೆ. ಒಣಗಿದ ತಟ್ಟೆಗಳು, ಜೇಡರ ಬಲೆ. ಬಾಗಿಲು ಹಾಕಿಕೊಂಡು ಬಂದು ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕಿದೆ.

ಸಂಜೆ ಗೌತಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠವನ್ನು ಮೊದಲಿನಿಂದ ತೋರಿಸಿದೆ. ಅವಳು ಮಾಡಿದ್ದು ಗೊತ್ತಾಗಿದೆ ಎಂದು ಹೇಳಲಿಲ್ಲ. ಅವಳು ಎಲ್ಲಿ ಉಸಿರು ಬಿಗಿ ಹಿಡಿಯುತ್ತಾಳೆ ಎಂದಷ್ಟೇ ನೋಡುತ್ತಿದ್ದೆ. ಮೊಟ್ಟೆ, ಚಾಕಿ ಎನ್ನುವ ಮರಿ ಹುಳ, ಸೊಪ್ಪು ಹೆಚ್ಚುವುದು, ಎಲ್ಲದಕ್ಕೂ ಸಡಿಲವಾಗಿ ಕೂತಿದ್ದಳು. ಹುಳ ಪೊರೆ ಬಿಡುವ ಪುಟ ಬಂತು. ರೇಷ್ಮೆಯವರು ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಮೇಯುವುದು ಬಿಟ್ಟು ಕದಲದೆ ಕೂತರೆ ಜ್ವರಕ್ಕೆ ಕೂತವು ಅನ್ನುವುದು, ಹಳೇ ಚರ್ಮ ಕಳಚಿ ಮತ್ತೆ ಮೇಯಲು ಬಂದರೆ ಜ್ವರದಿಂದ ಎದ್ದವು ಅನ್ನುವುದು. ಅತ್ತೆಯ ದನಿ ಹೇಳಿತು:

"ತಲೆ ಎತ್ಕೊಂಡು ಕೂತ್ಕೊಂಡ್ರೆ ಜ್ವರ ಬಂತು ಅಂತ. ಆಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ಸದ್ದು ಮಾಡ್ಬಾರ್ದು. ತಾನೇ ಏಳ್ತದೆ. ಮಧ್ಯದಾಗೆ ಎಬ್ಬಿಸಿದ್ರೆ ಮುಗೀತು, ಇನ್ನು ಮೇಯಲ್ಲ."

ನನ್ನ ಎದೆಗೆ ತಾಗಿದ್ದ ಮಗುವಿನ ಬೆನ್ನು ಹಲಗೆಯಂತೆ ಗಟ್ಟಿಯಾಯಿತು.

ಅತ್ತೆ ಮಲಗಿದ್ದ ದಿನಗಳಲ್ಲಿ ಮನೆಗೆ ಬಂದವರೆಲ್ಲ ಬೆರಳು ತುಟಿಗಿಟ್ಟುಕೊಂಡು ಹೇಳುತ್ತಿದ್ದುದು ನೆನಪಾಯಿತು. ಸದ್ದು ಮಾಡಬೇಡ ಪಾಪ, ಅಜ್ಜಿಗೆ ಜ್ವರ. ಈ ಊರಿನ ಮಗುವಿಗೆ ಆ ಮಾತು ಹೇಗೆ ಕೇಳಿಸಿರಬೇಕು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಗೌತಮಿ," ಅಂದೆ. "ಅಜ್ಜಿಗೆ ಬಂದಿದ್ದು ಹುಳಕ್ಕೆ ಬರೋ ಜ್ವರ ಅಲ್ಲ ಕಂದ. ಅಜ್ಜಿ ಇನ್ನು ಏಳಲ್ಲ. ನೀನು ಸುಮ್ನಿದ್ರೆ ಏಳ್ತಾರೆ ಅಂತ ಕಾಯ್ತಿದ್ದೀಯಾ?"

ಅವಳು ಅಡ್ಡಡ್ಡ ತಲೆಯಾಡಿಸಿದಳು. ಅದಲ್ಲ. ಅಜ್ಜಿ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗುಣಿಗೆ ಮಣ್ಣು ಹಾಕುವಾಗ ಅವಳೂ ಒಂದು ಹಿಡಿ ಹಾಕಿದ್ದಳು.

"ಮತ್ತೇನು ಚಿನ್ನಾ? ಅಜ್ಜೀನ ಏನು ಕೇಳ್ಬೇಕು?"

ತುಟಿ ಬಿಚ್ಚಿತು. ಸಣ್ಣ ಸದ್ದು. ಮುಚ್ಚಿತು. ಅವಳು ನನ್ನ ತೊಡೆಯಿಂದಿಳಿದು ಹೋಗಿ ಚಾಪೆ ಹಾಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ಒತ್ತಾಯ ಮಾಡಲು ನನಗೆ ಮನಸ್ಸಾಗಲಿಲ್ಲ. ಪಾತ್ರೆ ತೊಳೆದು ಬಂದು ಕಂಪ್ಯೂಟರಿನ ಮುಂದೆ ಕೂತೆ. ಅವಳ ಪುಟದಲ್ಲಿ ನಾನು ಬದಲಾಯಿಸಿದ್ದು ಒಂದೇ ಸಾಲು. ಈ ಮಾನಕವನ್ನು ಮಾಡಿದವರು ಯಾವ ದೇಶದವರೋ, ಆದರೆ ಅವರಲ್ಲಿ ಯಾರಿಗೋ ಮಕ್ಕಳಿದ್ದಿರಬೇಕು. ಇಷ್ಟು ಸೆಕೆಂಡು ಎಂದು ಬರೆಯುವ ಜಾಗದಲ್ಲಿ ಬರೆಯಬಹುದಾದ ಒಂದು ಪದವನ್ನು ಅವರು ಇಟ್ಟಿದ್ದಾರೆ. ಅನಿರ್ದಿಷ್ಟ ಎಂದು ಅದರ ಅರ್ಥ. ಅದನ್ನು ಬರೆದರೆ ಪುಟ ತಾನಾಗಿ ಮುಂದೆ ಹೋಗುವುದಿಲ್ಲ. ಮುಟ್ಟುವವರು ಮುಟ್ಟುವವರೆಗೆ ಎಷ್ಟು ಹೊತ್ತಾದರೂ ಕೂತಿರುತ್ತದೆ. ಐದನ್ನು ಅಳಿಸಿ ಅದನ್ನು ಬರೆದೆ. ಇನ್ನು ಮಗು ಕೇಳದ ಪ್ರಶ್ನೆಗೆ ಅಜ್ಜಿ ಉತ್ತರ ಹೇಳುವುದಿಲ್ಲ.

ಭಾನುವಾರ ತಿಂಡಿ ಆದ ಮೇಲೆ ಮುನೇಶ್ ಕುರ್ಚಿ ಎಳೆದುಕೊಂಡು ಬಂದು ಕೂತರು. "ಕಳ್ಸಿದ್ಯಾ ಸಾರ್‌ಗೆ?"

"ಕಳಿಸಿದೆ."

"ಸರಿ, ಅಳಿಸ್ಬಿಡು."

"ಒಂದು ಸಲ ಅವಳು ಒತ್ತಲಿ. ಅವಳು ಮಾಡಿರೋ ಪುಟ ಅದು. ಅವಳನ್ನ ಕೇಳ್ದೆ ನಾನು ಅಳಿಸಲ್ಲ."

ಅವರು ಮಗಳ ಕಡೆ ನೋಡಿದರು. ಪುಟ ಮಾಡಿದವಳು ಅವಳೆಂದು ಅವರಿಗೆ ರಾತ್ರಿಯೇ ಹೇಳಿದ್ದೆ. ಅವರು "ನಮ್ಮಮ್ಮ ಓದಿದ್ರೆ ಹಿಂಗೇ ಆಗ್ತಿದ್ಲು," ಅಂದಿದ್ದರು.

ಗೌತಮಿ ಸ್ಟೂಲಿನ ಮೇಲೆ ಕೂತು ಖಾಲಿ ತಟ್ಟೆಯ ಚಿತ್ರವನ್ನು ಒತ್ತಿದಳು.

"ಗೌ... ತ... ಮಿ."

ಮುನೇಶರ ಕೈ ಕುರ್ಚಿಯ ಹಿಡಿಯನ್ನು ಹಿಡಿಯಿತು. ಮೊದಲ ಸಲ ಕೇಳುತ್ತಿದ್ದರು.

ಗೌತಮಿ ಭುಜ ಬಿಗಿ ಮಾಡಿ ಕಾದಳು. ಉತ್ತರ ಬರುವ ಹೊತ್ತು ಕಳೆಯಿತು. ಬರಲಿಲ್ಲ. ಅವಳು ಪರದೆಯ ಹತ್ತಿರ ಮುಖ ಒಯ್ದಳು, ಹಿಂದೆ ತಂದಳು. ಅಜ್ಜಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಟ್ಟೆಯ ಚಿತ್ರ ಹಾಗೇ ಇತ್ತು. ಪುಟ ಜ್ವರಕ್ಕೆ ಕೂತ ಹುಳದಂತೆ ತಲೆ ಎತ್ತಿಕೊಂಡು ಕೂತಿತ್ತು. ಮಗು ತಿರುಗಿ ನನ್ನನ್ನು ನೋಡಿತು.

ಆಗ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಫ್ಯಾನು ತಿರುಗುತ್ತಾ ತಿರುಗುತ್ತಾ ನಿಂತಿತು. ಪೆಟ್ಟಿಗೆಯ ಮೊರೆತ ನಿಂತಿತು. ಕಂಪ್ಯೂಟರಿನ ಎಲ್ಲ ಸದ್ದೂ ಹೋದ ಮೇಲೆ ಉಳಿದದ್ದು ಎಲ್ಲಿಂದಲೋ ಬರುತ್ತಿದ್ದ ಜಿನುಗುವ ಸದ್ದು.

"ಮಳೆನಾ?" ಎಂದರು ಮುನೇಶ್. ಕಿಟಕಿಯಲ್ಲಿ ಬಿಸಿಲು ಸುರಿಯುತ್ತಿತ್ತು. ಅವರು ಹುಳದ ಮನೆಯ ಗೋಡೆಯ ಕಡೆ ನಿಧಾನವಾಗಿ ತಲೆ ತಿರುಗಿಸಿದರು. "ಕವಿತಾ. ಹುಳ ಮೇಯ್ತಾ ಇದ್ದಂಗೈತಲ್ಲೇ."

ಎದ್ದು ನಿಂತವರ ಕೈ ಹಿಡಿದು ಕೂರಿಸಿದೆ. ನಾವಿಬ್ಬರೂ ಕೇಳಿಸಿಕೊಂಡೆವು. ತಟ್ಟೆ ತಟ್ಟೆಯಲ್ಲೂ, ಗೋಡೆಯ ಉದ್ದಕ್ಕೂ, ಒಂದು ಫಸಲಿನಷ್ಟು ಹುಳದ ಸದ್ದು. ಅದು ಹೆಚ್ಚಲಿಲ್ಲ, ಹತ್ತಿರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತೆಳ್ಳಗಾಯಿತು. ಒಂದು ಮೂಲೆಯಲ್ಲಿ ನಿಂತಿತು, ಇನ್ನೊಂದು ಮೂಲೆಯಲ್ಲಿ ನಿಂತಿತು. ಆಮೇಲೆ ಎಲ್ಲವೂ ನಿಂತುಹೋಯಿತು.

ಗೌತಮಿಗೂ ಕೇಳಿಸಿತ್ತೋ ಏನೋ ನನಗೆ ತಿಳಿಯದು. ಅವಳು ಕಪ್ಪು ಪರದೆಯಿಂದ ಕಣ್ಣು ತೆಗೆದು ಸ್ಟೂಲಿನ ಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಅಜ್ಜಿ ಹೋದ ದಿನ ಸಂಜೆ ಇದೇ ಮಗು ಸ್ಕೂಲಿನಿಂದ ಓಡಿಬಂದು, ಸ್ಟೇಜಿನ ಮೇಲೆ ಪದ್ಯ ಹೇಳಲು ತನ್ನನ್ನು ಆರಿಸಿದ್ದಾರೆಂದು ಗೇಟಿನಿಂದಲೇ ಅಜ್ಜೀ, ಅಜ್ಜೀ ಎಂದು ಕಿರುಚಿಕೊಂಡು ಒಳಗೆ ನುಗ್ಗಿತ್ತು. ಮೂರು ದಿನದಿಂದ ಕಣ್ಣು ಬಿಡದಿದ್ದ ಅತ್ತೆ ಆ ಕೂಗಿಗೆ ಎದ್ದು ಕೂತು, ಬುಜ್ಜಿ ಅಂದು, ಅವಳ ಕೆನ್ನೆ ಸವರಿ, ಮತ್ತೆ ಒರಗಿದವರು ಏಳಲೇ ಇಲ್ಲ. ಹೋಗುವ ಮುಂಚೆ ಮೊಮ್ಮಗಳ ಮುಖ ನೋಡಿಕೊಂಡರಲ್ಲ ಎಂದು ನಾನು ಎಷ್ಟೋ ಜನರಿಗೆ ಹೇಳಿ ಸಮಾಧಾನ ಮಾಡಿಕೊಂಡಿದ್ದೆ. ಅವಳ ಎದುರಿಗೇ ಹೇಳಿದ್ದೆ.

ತುಟಿ ಬಿಚ್ಚಿತು. ಸಣ್ಣ ಸದ್ದು. ಈ ಸಲ ಮುಚ್ಚಲಿಲ್ಲ. ಬಳಸದೆ ಇದ್ದ ಗಂಟಲು ಒಡೆದು, ಯಾರದೋ ದನಿ ಎಂಬಂತೆ ಬಂತು.

"ಅಮ್ಮಾ, ಜ್ವರಕ್ಕೆ ಕೂತಿದ್ದೋರ್ನ ನಾನು ಕೂಗಿ ಎಬ್ಬಿಸ್ಬಿಟ್ಟೆ. ಅದಕ್ಕೇನಾ ಅಜ್ಜಿ ಸತ್ತೋಗಿದ್ದು?"